ದಂಡಿನ ನೀರೂ ಉದರರೋಗಗಳ ಚರಿತ್ರೆಯೂ

ರೋಗಗಳ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಪ್ರಯೋಗಶಾಲೆಯಿಂದ ಪ್ರಾರಂಭಿಸುವುದುಂಟು. ನಾವು ವೈದ್ಯರಲ್ಲ, ಇತಿಹಾಸದ ವಿದ್ಯಾರ್ಥಿಗಳು; ಆದುದರಿಂದ ಬೆಂಗಳೂರಿನ ಒಂದು ಕೆರೆಯಿಂದ ಪ್ರಾರಂಭಿಸುತ್ತೇವೆ. ಹಲಸೂರಿನ ಕೆರೆಯ ದಡದಲ್ಲಿ ಸಂಜೆ ಗಾಳಿಸವಾರಿಗೆ ಹೋಗುವ ಮಹನೀಯರಲ್ಲಿ, ಒಂದು ಕಾಲಕ್ಕೆ ದಂಡಿನ ಜನ ಕುಡಿಯುತ್ತಿದ್ದುದು ಈ ಬಗೆಯ ಕೆರೆಗಳ ನೀರನ್ನೇ ಎಂಬುದನ್ನು ನೆನೆಯುವವರು ವಿರಳ. ಕರುಳು ಮತ್ತು ಈಲಿಯ ರೋಗಗಳ ವಿಷಯದಲ್ಲಿ ವೈದ್ಯಶಾಸ್ತ್ರ ಪಡೆದ ಜ್ಞಾನವೆಲ್ಲವೂ ಸುತ್ತಿ ಸುತ್ತಿ ಬಂದು ನಿಲ್ಲುವುದು ಮಾತ್ರ ಆ ನೀರಿನ ಬಳಿಯಲ್ಲಿಯೇ.

ಶ್ರೀರಂಗಪಟ್ಟಣದ ಹವೆ ಒಗ್ಗದೆ ಇಂಗ್ಲಿಷರ ಸೈನ್ಯವು ಬೆಂಗಳೂರಿಗೆ ಬಂದು, 1809ರಲ್ಲಿ ಇಲ್ಲಿ ದಂಡು ನೆಲೆಗೊಂಡಿತು. ಎಂದರೆ, ಆರೋಗ್ಯವನ್ನರಸಿ ಬಂದವರು ಕಟ್ಟಿದ ಊರು ಇದು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡಿನ ಪ್ರದೇಶವು ಇಂಗ್ಲಿಷರ ಆಡಳಿತದಲ್ಲಿಯೇ ಉಳಿಯಿತು. 1891ರ ಜನಗಣತಿಯ ವೇಳೆಗೆ ಅಲ್ಲಿಯ ಜನಸಂಖ್ಯೆ ಸುಮಾರು ಒಂದು ಲಕ್ಷ. ಒಂದು ಕಡೆ ವಿಶಾಲವಾದ ಕವಾಯತು ಮೈದಾನ, ತೋಟಗಳ ನಡುವೆ ಬಂಗಲೆಗಳು; ಇನ್ನೊಂದು ಕಡೆ ಈಗಿನ ಶಿವಾಜಿನಗರವಾದ ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಾದ ಓಣಿಗಳು. ಮನೆಗಳ ಕೊಳೆಯೂ ಬಾವಿಗಳ ನೀರೂ ಅಲ್ಲಿ ಪರಸ್ಪರ ದೂರವಾಗಿರಲಿಲ್ಲ.

1895ರಲ್ಲಿ ಇಲ್ಲಿ ವಾಂತಿಭೇದಿ ತಲೆಯೆತ್ತಿತು. ಅದನ್ನು ಅಡಗಿಸಲು ಸರ್ಕಾರದವರು ಸಿಕಂದರಾಬಾದಿನಿಂದ ಸೈನ್ಯದ ವೈದ್ಯರೊಬ್ಬರನ್ನು ಕರೆಯಿಸಿದರು. ಅವರೇ ರೊನಾಲ್ಡ್ ರಾಸ್. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರಹಸ್ಯವನ್ನು ಹುಡುಕುವುದರಲ್ಲಿ ಅವರ ಮನಸ್ಸು ನೆಟ್ಟಿದ್ದ ಕಾಲ ಅದು. ಈ ವರ್ಗಾವಣೆಯಿಂದ ತಮ್ಮ ಸಂಶೋಧನೆ ನಿಂತಿತೆಂಬ ಅಸಮಾಧಾನವನ್ನು ಅವರು ಲಂಡನ್ನಿನಲ್ಲಿದ್ದ ತಮ್ಮ ಗುರುಸಮಾನರಾದ ಪ್ಯಾಟ್ರಿಕ್ ಮ್ಯಾನ್ಸನ್ನರಿಗೆ ತೋಡಿಕೊಂಡರು. ಆದರೂ ವಹಿಸಿದ ಕೆಲಸವನ್ನು ಕಡೆಗಣಿಸದೆ, ದಂಡಿನ ವಾಂತಿಭೇದಿಯನ್ನೂ ನೈರ್ಮಲ್ಯವನ್ನೂ ಕುರಿತು 1896ರಲ್ಲಿ ವರದಿಯೊಂದನ್ನು ಬರೆದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಮಾಡಿದ ಶೋಧವೂ, 1902ರಲ್ಲಿ ಅದಕ್ಕೆ ದೊರೆತ ನೊಬೆಲ್ ಪಾರಿತೋಷಕವೂ ಲೋಕವಿಖ್ಯಾತ. ಬೆಂಗಳೂರಿನ ಚರಂಡಿಗಳ ವರದಿಯನ್ನು ಯಾರೂ ನೆನೆಯುವುದಿಲ್ಲ. ಕೀರ್ತಿಯ ನ್ಯಾಯವೇ ಹಾಗೆ.

ವಾಂತಿಭೇದಿಯ ಕ್ರಿಮಿ ಆ ವೇಳೆಗೆ ಅಜ್ಞಾತವಾಗಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಖ್ ಅವರು ಅದನ್ನು 1884ರಲ್ಲಿ ಕಲ್ಕತ್ತೆಯಲ್ಲಿ ಗುರುತಿಸಿದ್ದರು. ಆದರೆ ರೋಗಿಯನ್ನು ಉಳಿಸುವ ಬಗೆ ತಿಳಿದಿರಲಿಲ್ಲ. ಅಫೀಮು, ಪಾದರಸದ ಔಷಧ, ಬ್ರಾಂದಿ ಇವೇ ಚಿಕಿತ್ಸೆ. ಹಿಡಿದವರಲ್ಲಿ ಅರ್ಧಕ್ಕೂ ಮಿಕ್ಕು ಜನ ಸಾಯುತ್ತಿದ್ದುದುಂಟು. ಇದಕ್ಕಿಂತ ದುಃಖದ ಸಂಗತಿ ಇನ್ನೊಂದಿದೆ. ರೋಗಿ ಬಾಯಾರಿ ನೀರು ಬೇಡಿದರೆ, ಕುಡಿದದ್ದೆಲ್ಲ ಭೇದಿಯಾಗಿ ಹೋಗುವುದೆಂದು ಹೆದರಿ ಅನೇಕ ವೈದ್ಯರು ನೀರನ್ನು ನಿಷೇಧಿಸುತ್ತಿದ್ದರು. ನಮ್ಮ ಮನೆಗಳಲ್ಲಿಯೂ ಹಿರಿಯರು ಭೇದಿಯಾದ ಮಗುವಿಗೆ ನೀರನ್ನು ಮಿತಗೊಳಿಸುತ್ತಿದ್ದುದನ್ನು ಕಂಡವರು ಇಂದಿಗೂ ಇದ್ದಾರೆ. ಅದು ಪ್ರೀತಿಯಿಂದಲೇ ಮಾಡಿದ ಕಾರ್ಯ. ಆ ಪ್ರೀತಿಯ ಕೈಗಳೇ ಎಷ್ಟು ಪ್ರಾಣಗಳನ್ನು ಒಣಗಿಸಿದವೋ!

ಈ ಭ್ರಾಂತಿ ಕಳೆಯಲು ಬಹುಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಲೆನರ್ಡ್ ರೋಜರ್ಸ್ ಅವರು ಉಪ್ಪುನೀರನ್ನು ರಕ್ತನಾಳಕ್ಕೆ ಹಾಯಿಸಿ ಮರಣವನ್ನು ಬಹಳ ಮಟ್ಟಿಗೆ ತಗ್ಗಿಸಿದರು. 1953ರಲ್ಲಿ ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸ್ ಬೆರೆತ ನೀರನ್ನು ಬಾಯಿಂದಲೇ ಕುಡಿಸಿ ಗುಣಕಂಡುದನ್ನು ಪ್ರಕಟಿಸಿದರು. 1959ರಲ್ಲಿ ಶಂಭುನಾಥ ಡೇ ಅವರು, ಕ್ರಿಮಿಯು ಕರುಳಿನಲ್ಲಿ ಸ್ರವಿಸುವ ವಿಷವೇ ದೇಹದ ನೀರನ್ನು ಹೊರಕ್ಕೆ ಸುರಿಸುವುದೆಂದು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ, ಉಪ್ಪಿನೊಡನೆ ನೀರನ್ನೂ ಹೀರಿಕೊಳ್ಳುವುದೆಂಬ ತತ್ತ್ವವು ಬಳಿಕ ಸ್ಥಿರಪಟ್ಟಿತು. 1971ರಲ್ಲಿ ಪೂರ್ವಬಂಗಾಳದ ನಿರಾಶ್ರಿತರು ಬಂಗಾಂವಿನ ಶಿಬಿರದಲ್ಲಿ ನೆಲದ ಮೇಲೆ ಸಾಲಾಗಿ ಬಿದ್ದಿದ್ದಾಗ, ದಿಲೀಪ ಮಹಲನಬೀಸ್ ಅವರು ಈ ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿ, ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಮರಣವು ನಾಲ್ಕಕ್ಕೂ ಕಡಮೆಯಾಯಿತು. ಬೇಡಿದಾಗ ನಿರಾಕರಿಸಲ್ಪಟ್ಟಿದ್ದ ನೀರೇ ಮದ್ದಾಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಉಪ್ಪು ಮತ್ತು ಸಕ್ಕರೆಯ ಅಂಶಗಳನ್ನು ತಗ್ಗಿಸಿ ಈ ದ್ರಾವಣವನ್ನು ಇನ್ನೂ ಉತ್ತಮಗೊಳಿಸಿತು; 2004ರಿಂದ ಮಕ್ಕಳಿಗೆ ಅದರೊಡನೆ ಸತುವನ್ನೂ ಕೊಡಬೇಕೆಂದು ಸಲಹೆಯಿತ್ತಿತು.

ಈಲಿಯ ಕಥೆಯೂ ಇದಕ್ಕೆ ದೂರವಲ್ಲ. ಭರತಖಂಡದ ದಂಡುಗಳಲ್ಲಿ ಬಿಳಿಯ ಸೋಲ್ಜರುಗಳು ಈಲಿಯ ಕುರುವಿನಿಂದ ನರಳಿ ಸಾಯುವುದು ಆಗ ಅಪರೂಪವಾಗಿರಲಿಲ್ಲ. ಸೂರ್ಯನ ತಾಪ, ಮದ್ಯಪಾನ, ಮಸಾಲೆಯ ಊಟ ಇವೇ ಕಾರಣವೆಂದು ವೈದ್ಯರು ದೂರಿದರು. ನಿಜವಾದ ಅಪರಾಧಿ ಆಮಶಂಕೆಯ ಅಮೀಬಾ. ಮಲಿನವಾದ ನೀರು ಮತ್ತು ಆಹಾರದೊಡನೆ ಕರುಳನ್ನು ಹೊಕ್ಕು, ರಕ್ತದ ಮೂಲಕ ಈಲಿಗೆ ಏರುವ ಸೂಕ್ಷ್ಮಜೀವಿ ಅದು. 1875ರಲ್ಲಿ ರಷ್ಯದ ಲೋಷ್ ಅವರು ಅದನ್ನು ರೋಗಿಯ ಮಲದಲ್ಲಿ ಕಂಡರು. 1912ರಲ್ಲಿ ರೋಜರ್ಸ್ ಅವರು ಎಮೆಟೀನ್ ಚುಚ್ಚುಮದ್ದಿನಿಂದ ಅದನ್ನು ಗೆದ್ದರು. ಇಂದು ಮೆಟ್ರೊನಿಡಜೋಲ್ ಗುಳಿಗೆಗಳಿಂದ ಬಹುಮಂದಿ ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುತ್ತಾರೆ.

ಕಾಮಾಲೆಯು ಇನ್ನೂ ಗೂಢವಾದ ಶತ್ರು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ನೀರು ಬೆರೆತು ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಅದನ್ನುಂಟುಮಾಡಿದ ವಿಷಾಣುವು ಈಗ ಹೆಪಟೈಟಿಸ್ 'ಈ' ಎಂದು ಹೆಸರಾಗಿರುವುದು. 1983ರಲ್ಲಿ ರಷ್ಯದ ಬಲಯಾನ್ ಅವರು ರೋಗಿಗಳ ಮಲದ ಸಾರವನ್ನು ತಾವೇ ಕುಡಿದು, ಕಾಮಾಲೆಗೆ ತುತ್ತಾಗಿ, ಈ ವಿಷಾಣುವನ್ನು ತೋರಿಸಿಕೊಟ್ಟರು. ಗರ್ಭಿಣಿಯರಿಗೆ ಇದು ಪ್ರಾಣಾಂತಿಕವಾಗಬಲ್ಲುದು.

ಇನ್ನು ನಮ್ಮ ಊರಿಗೆ ಹಿಂದಿರುಗೋಣ. ರಾಸ್ ಅವರು ವರದಿ ಬರೆದ 1896ರಲ್ಲಿಯೇ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಚಾಮರಾಜೇಂದ್ರ ಜಲಾಶಯದ ಯೋಜನೆಯಿಂದ ಹೆಸರಘಟ್ಟದ ನೀರು ಬೆಂಗಳೂರಿನ ನಲ್ಲಿಗಳಿಗೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ, 1974ರಲ್ಲಿ ಕಾವೇರಿಯೂ ಬಂದವು. ಪ್ರತಿಯೊಂದು ಕೊಳಾಯಿಯೂ ಮೌನವಾದ ಒಂದು ಆಸ್ಪತ್ರೆಯೇ. ಆದರೆ ಊರು ಪೂರ್ವಕ್ಕೆ ಕೊಳಾಯಿಗಿಂತ ವೇಗವಾಗಿ ಬೆಳೆಯಿತು. ಇಂದಿರಾನಗರವನ್ನು ದಾಟಿ ಕೃಷ್ಣರಾಜಪುರದ ಕಡೆ ಹೋದರೆ, ಕೊಳವೆಬಾವಿಯನ್ನೂ ಟ್ಯಾಂಕರ್ ಲಾರಿಯನ್ನೂ ನಂಬಿ ಬದುಕುವ ಬಡಾವಣೆಗಳು ಹಲವು. 2024ರ ಬೇಸಗೆಯಲ್ಲಿ ಆ ಬವಣೆಯನ್ನು ಎಲ್ಲರೂ ಕಂಡರು. ಆ ನೀರು ಎಲ್ಲಿಂದ ಬಂದಿತು, ಶುದ್ಧವೇ, ಎಂದು ಕೇಳುವ ಅನುಕೂಲ ಬಾಯಾರಿದವನಿಗೆ ಇರುವುದಿಲ್ಲ.

ವೈದ್ಯರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಉಳಿದ ಪಾಲು ಪೌರರದು. ಭೇದಿಯಾದ ಮಗುವಿಗೆ ಉಪ್ಪುಸಕ್ಕರೆಯ ದ್ರಾವಣವನ್ನು ಕೊಡುವುದು ತಾಯಿಯ ಕೈಯಲ್ಲಿದೆ. ಆ ಮಗುವಿಗೆ ಭೇದಿಯೇ ಬಾರದಂತೆ ನೋಡುವುದು ಊರಿನ ಕೈಯಲ್ಲಿದೆ. ಯಾರೂ ನೆನೆಯದ ಆ ಚರಂಡಿಯ ವರದಿಯಂಥವುಗಳಿಗೂ ನಾವು ಸ್ವಲ್ಪ ಗೌರವವನ್ನು ಸಲ್ಲಿಸಲು ಕಲಿತರೆ, ಅದು ಸಾಧ್ಯವಾದೀತು.