ಹೈದರಾಬಾದ್ ಬಸ್ಸಿನ ಖಾಲಿ ಸೀಟು

2005ರ ದೀಪಾವಳಿ. ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮ ಹಬ್ಬಕ್ಕೆ ಹೈದರಾಬಾದಿನ ಬಸ್ಸು ಹಿಡಿಯಬೇಕಿತ್ತು. ಏಜೆಂಟರ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದರು. ಎಲ್ಲೂ ಟಿಕೆಟ್ ಸಿಗಲಿಲ್ಲ. ಆ ವರ್ಷದ ಹಬ್ಬ ಬೆಂಗಳೂರಿನಲ್ಲೇ ಕಳೆಯಿತು.

ಹೈದರಾಬಾದಿಗೆ ಹೊರಟ ಬಸ್ಸುಗಳೆಲ್ಲ ಅಂದು ಭರ್ತಿಯಾಗಿದ್ದವೇ? ಅದನ್ನು ಹೇಳಬಲ್ಲವರೇ ಇರಲಿಲ್ಲ. ಖಾಸಗಿ ಬಸ್ಸಿನ ಸೀಟುಗಳ ಲೆಕ್ಕ ಮಾಲೀಕರ ಕಚೇರಿಯಲ್ಲಿ, ಕಾಗದದ ಚಾರ್ಟಿನ ಮೇಲಿರುತ್ತಿತ್ತು. ಏಜೆಂಟ್ ಫೋನ್ ಮಾಡಿ ಕೇಳಬೇಕು. ಅದೂ ತನಗೆ ವ್ಯವಹಾರವಿದ್ದ ಕೆಲವು ಮಾಲೀಕರನ್ನು ಮಾತ್ರ. ಒಂದು ಅಂಗಡಿಯಲ್ಲಿ ‘ಫುಲ್’ ಎನಿಸಿಕೊಂಡವನು ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗುವಾಗ, ಬೇರೊಂದು ಬಸ್ಸು ಖಾಲಿ ಸೀಟು ಹೊತ್ತು ಊರು ಬಿಡಬಹುದಿತ್ತು.

ಬಿಟ್ಸ್ ಪಿಲಾನಿಯಲ್ಲಿ ಜೊತೆಗೆ ಓದಿದ್ದ ಗೆಳೆಯರೊಂದಿಗೆ ಸಾಮ ಇದಕ್ಕೊಂದು ಸಾಫ್ಟ್‌ವೇರ್ ಬರೆದರು. ಮಾಲೀಕರು ಖಾಲಿ ಸೀಟು ತೋರಿಸುವುದು, ಏಜೆಂಟರು ಅದನ್ನು ನೋಡಿ ಮಾರುವುದು, ಇಷ್ಟೇ ಉಪಾಯ. ಮಾಲೀಕರ ಬಳಿಗೆ ಒಯ್ದರೆ, ಪುಕ್ಕಟೆ ಕೊಡುತ್ತೇವೆಂದರೂ ಬೇಡವೆಂದರು. ಅವರ ಕಡೆಯಿಂದ ನೋಡಿದರೆ ಅದು ಹಟವೇನಲ್ಲ. ಫೋನು, ಚಾರ್ಟು, ಗುರುತಿನ ಏಜೆಂಟರು, ಇವುಗಳಿಂದಲೇ ಅವರ ವ್ಯಾಪಾರ ನಡೆದುಬಂದಿತ್ತು. ಟಿಕೆಟ್ ಸಿಗದ ಸಂಕಟ ಪ್ರಯಾಣಿಕನದು, ಮಾಲೀಕನದಲ್ಲ.

ಆಗ ಲೆಕ್ಕ ತಿರುಗಿತು. ಬೆಂಗಳೂರಿನ ‘ಟೈ’ ಸಂಸ್ಥೆಯ ಹಿರಿಯ ಉದ್ಯಮಿಗಳ ಮಾರ್ಗದರ್ಶನವೂ ಸಿಕ್ಕಿತು. ಸಾಫ್ಟ್‌ವೇರ್ ಕೊಳ್ಳಿ ಎನ್ನುವ ಬದಲು, ಕೆಲವು ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಎಂದು ಕೇಳಿದರು. ಇದು ಮಾಲೀಕನಿಗೆ ಅರ್ಥವಾಗುವ ಮಾತು. ಇನ್ನೊಬ್ಬ ಏಜೆಂಟ್ ಬಂದನೆಂದುಕೊಂಡರಾಯಿತು. ಸಾಮ, ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಕೆಲಸ ಬಿಟ್ಟರು. 2006ರ ಆಗಸ್ಟಿನಲ್ಲಿ ‘ರೆಡ್‌ಬಸ್’ ಶುರುವಾಯಿತು.

ಇನ್ನು ಕೊಳ್ಳುವವರು ಬೇಕಿತ್ತು. ಜಾಹೀರಾತಿಗೆ ಹಣವಿರಲಿಲ್ಲ. ಹಾಗಾಗಿ ಐಟಿ ಕಂಪನಿಗಳ ಗೇಟಿನ ಹೊರಗೆ ತಾವೇ ನಿಂತು ಕಾರ್ಡು ಹಂಚಿದರು. ಜಾಗದ ಆಯ್ಕೆ ಸರಿಯಾಗಿತ್ತು. ಒಳಗಿದ್ದವರಲ್ಲಿ ಅನೇಕರು ಪರಊರಿನವರು, ಹಬ್ಬ ಬಂತೆಂದರೆ ಊರಿಗೆ ಹೊರಡುವವರು. ಮೇಜಿನ ಮೇಲೆ ಇಂಟರ್‌ನೆಟ್, ಜೇಬಿನಲ್ಲಿ ಬ್ಯಾಂಕಿನ ಕಾರ್ಡು. ಒಂದು ವರ್ಷದ ಹಿಂದಿನ ಸಾಮ ಕೂಡ ಅಂಥವರಲ್ಲೊಬ್ಬರು. ಹೈದರಾಬಾದಿನಿಂದ ಮರಳುವ ಟಿಕೆಟನ್ನು ಬೆಂಗಳೂರಿನಲ್ಲೇ ಕೂತು ಕೊಳ್ಳಬಹುದೆಂಬುದು ಅವರಿಗೆ ಸಣ್ಣ ಸೌಕರ್ಯವಾಗಿರಲಿಲ್ಲ.

ಮೊದಲ ಟಿಕೆಟ್ ಕೊಂಡ ಮಹಿಳೆ ತಿರುಪತಿಗೆ ಹೊರಟಿದ್ದರು. ಅವರಿಗೆ ಸೀಟು ನಿಜಕ್ಕೂ ಸಿಗುತ್ತದೆಯೇ ಎಂದು ನೋಡಲು ಕಂಪನಿಯವರೇ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿದ್ದರು. ಆ ಆತಂಕಕ್ಕೆ ಕಾರಣವಿತ್ತು. ತೆರೆಯ ಮೇಲೆ ಮಾರಿದ ಸೀಟನ್ನು ರಸ್ತೆಯಲ್ಲಿ ಕೊಡಬೇಕಾದವನು ಬೇರೊಬ್ಬ. ಅಲ್ಲಿ ತಪ್ಪಿದರೆ, ಗೇಟಿನ ಬಳಿ ಹಂಚಿದ ಕಾರ್ಡುಗಳೆಲ್ಲ ವ್ಯರ್ಥ. ಮೊದಲ ಗ್ರಾಹಕರು ಕೊಟ್ಟದ್ದು ಟಿಕೆಟಿನ ದುಡ್ಡು ಮಾತ್ರವಲ್ಲ, ನಂಬಿಕೆಯನ್ನೂ ಮುಂಗಡವಾಗಿ ಕೊಟ್ಟಿದ್ದರು.

ಸೀಟುಗಳು ಮಾರಾಟವಾಗತೊಡಗಿದ ಮೇಲೆ ಮಾಲೀಕರ ಮನಸ್ಸೂ ಬದಲಾಯಿತು. ಒಮ್ಮೆ ಬೇಡವೆಂದ ಸಾಫ್ಟ್‌ವೇರ್ ಅವರ ಕಚೇರಿಗಳನ್ನು ಹೊಕ್ಕಿತು. 2013ರಲ್ಲಿ ಐಬಿಬೊ ಸಮೂಹ ರೆಡ್‌ಬಸ್ಸನ್ನು ಕೊಂಡಿತು. 2018ರಲ್ಲಿ ತೆಲಂಗಾಣ ಸರ್ಕಾರ ಸಾಮ ಅವರನ್ನು ರಾಜ್ಯದ ಮುಖ್ಯ ಇನ್ನೊವೇಶನ್ ಅಧಿಕಾರಿಯಾಗಿ ನೇಮಿಸಿತು. ಒಂದು ದೀಪಾವಳಿಗೆ ಬಸ್ಸು ಸಿಗದೆ ತಲುಪಲಾಗದ ಹೈದರಾಬಾದಿನಲ್ಲೇ, ಹೊಸ ಉದ್ಯಮ ಕಟ್ಟುವವರಿಗೆ ದಾರಿ ಮಾಡಿಕೊಡುವ ಕೆಲಸ ಅವರ ಪಾಲಿಗೆ ಬಂತು.