ಗಾಲಿ ಮನಿ ಗ್ವಾಡಿಗೆ ಟಿವಿ

ಗ್ವಾಡಿ ಅಂದ್ರ ನಮಗೆಲ್ಲಾ ಗೊತ್ತಿದ್ದದ್ದು ಮಣ್ಣಿನ ಗ್ವಾಡಿ, ಕಲ್ಲಿನ ಗ್ವಾಡಿ. ನಮ್ಮ ಧಾರವಾಡ ಕಡೆ ಹಳೇ ಮನಿಗಳೊಳಗ ಎರಡೆರಡು ಫೂಟ ದಪ್ಪ ಇರ್ತಿದ್ದವು. ಒಂದ ಗೂಟಕ್ಕ ಅಜ್ಜನ ಕೋಟು, ಕೊಡಿ, ಸಂತಿ ಚೀಲಾ ಎಲ್ಲಾ ಜೋತುಬಿಟ್ಟರೂ ಗೂಟ ಅಲಗಾಡತಿದ್ದಿಲ್ಲ. ಹಿಂಗಾಗಿ ಗ್ವಾಡಿಗೆ ಏನರೆ ಹಚ್ಚೋದಿದ್ರ ನಾವು ಹಚ್ಚೋ ಸಾಮಾನಿನ ಬಗ್ಗೆ ವಿಚಾರ ಮಾಡತೇವಿ, ಗ್ವಾಡಿ ಬಗ್ಗೆ ಮಾಡೂದಿಲ್ಲ. ಇವತ್ತ ನಾ ಬರಿಯೋದು ಉಲ್ಟಾ ನಮೂನಿ ಗ್ವಾಡಿ ಬಗ್ಗೆ. ಅಮೆರಿಕಾದವರು ಕಾರಿನ ಹಿಂದ ಕಟಗೊಂಡು ಊರೂರು ತಿರಗೋ ಕ್ಯಾಂಪರ್ ಟ್ರೇಲರಿನ ಗ್ವಾಡಿ. ನಾ ಅದಕ್ಕ ಗಾಲಿ ಮನಿ ಅಂತೇನಿ. ಒಂದ ಖೋಲಿಯಷ್ಟು ಜಾಗಾದಾಗ ಅಡಗಿಕಟ್ಟಿ, ಹಾಸಿಗಿ, ಬಚ್ಚಲಾ ಎಲ್ಲಾ ತುಂಬಿರ್ತಾರ.

ಈ ಮನಿ ಇವತ್ತಿನದಲ್ಲ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಅನ್ನೋ ಊರಾಗ ಇವುಗಳದ್ದ ಒಂದು ಮ್ಯೂಸಿಯಂ ಅದ. ಅಲ್ಲೆ 1913ನೇ ಇಸ್ವಿದ ಒಂದು ಟ್ರೇಲರ್ ಇಟ್ಟಾರ, ಕಟ್ಟಿಗಿದು, ನಮ್ಮ ದೇವರ ಮಂಟಪಕ್ಕ ಗಾಲಿ ಹಚ್ಚಿದಂಗ. 1919ರಾಗ ಫ್ಲಾರಿಡಾದ ಟ್ಯಾಂಪಾದಾಗ ಇಂಥಾ ತಿರಗೋ ಮಂದಿ ಎಲ್ಲಾ ಕೂಡಿ ಒಂದು ಸಂಘ ಕಟ್ಟಿದ್ರು, ಹೆಸರು 'ಟಿನ್ ಕ್ಯಾನ್ ಟೂರಿಸ್ಟ್ಸ್'. ಡಬ್ಬಿ ಊಟ ಮಾಡಕೋತ ಹೋಗೋರು ಅಂತ. ಆವಾಗ ಭಾಳ ಮಂದಿದು ಬರೇ ಡೇರೆ. 1936ರಾಗ ವಾಲಿ ಬಯಾಮ್ ಅನ್ನೋರು ಏರ್‌ಸ್ಟ್ರೀಮ್ ಕ್ಲಿಪರ್ ಅಂತ ಅಲ್ಯುಮಿನಿಯಮ್ ತಗಡಿಂದು ಮಾಡಿದ್ರು, ವಿಮಾನಾ ಕಟ್ಟೋ ಪದ್ಧತಿ. ಯಾಕ ವಿಮಾನಾ? ಹಗರ ಇರ್ಲಿ ಅಂತ. ಜಗ್ಗೋದು ಒಂದು ಸಣ್ಣ ಕಾರು, ಅದಕ್ಕ ಭಾರ ಆಗಬಾರದು. ಈ ಹಗರಾಗೋ ಹುಚ್ಚ ಮುಂದ ಎಲ್ಲಾ ಕಂಪನಿಯವರಿಗೂ ಹತ್ತಿತು. ಗ್ವಾಡಿ ದಿನಾ ಹೋದಂಗ ತೆಳ್ಳಗಾತು.

ಇನ್ನ ಟಿವಿ ಕಡೆ ಬರೋಣ. ಅದರದ್ದು ಬ್ಯಾರೆ ಪಂಚಾಯ್ತಿ. 1939ರಾಗ ನ್ಯೂಯಾರ್ಕಿನ ವಿಶ್ವ ಮೇಳದಾಗ ಆರ್‌ಸಿಎ ಕಂಪನಿ ಟಿವಿ ಮಂದಿಗೆ ತೋರಿಸಿತು. ಆಗಿನ ಟಿವಿ ಒಳಗಿನ ಗಾಜಿನ ಕೊಳವಿ ಎಷ್ಟು ಉದ್ದ ಇತ್ತಂದ್ರ, ಅದನ್ನ ಮಲಗಿಸಿದ್ರ ಪೆಟ್ಟಿಗಿ ಪಡಸಾಲಿ ನಡುವ ಬಂದುಬಿಡತಿತ್ತು. ಅದಕ್ಕ ಕೊಳವಿ ನೆಟ್ಟಗ ನಿಂದರಿಸಿ, ಚಿತ್ರಾ ಮ್ಯಾಲ ಮಾರಿ ಮಾಡಿ, ಪೆಟ್ಟಿಗಿ ಮುಚ್ಚಳಕ್ಕ ಕನ್ನಡಿ ಹಚ್ಚಿದ್ರು. ಮಂದಿ ಟಿವಿ ನೋಡತಿದ್ದಿಲ್ಲ, ಕನ್ನಡಿಯೊಳಗಿನ ಟಿವಿ ನೋಡತಿದ್ರು! ಮುಂದ ಕೊಳವಿ ಗಿಡ್ಡಾತು ಖರೆ, ಆದರ ಆ ಕುತಗಿ ಅರವತ್ತು ವರ್ಷ ಹೋಗಲೇ ಇಲ್ಲ. ನಮ್ಮ ಮನಿ ಟಿವಿ ನೆನಸಕೋರಿ, ಹಿಂದ ಎಷ್ಟು ದೊಡ್ಡ ಗೂನು ಇರ್ತಿತ್ತು. ಅದರ ಮ್ಯಾಲೆ ನಾವು ಕ್ರೋಶಾ ಹಾಕಿದ ಹೊದಿಕಿ ಹೊಚ್ಚಿ, ಗೊಂಬಿ ಇಡತಿದ್ವಿ. ಗೂನು ಇರೋತನಕ ಗ್ವಾಡಿಗೆ ಆತಗೊಳ್ಳೋ ಮಾತೇ ಇಲ್ಲ.

1954ರಾಗ ಇವರಲ್ಲೆ 'ದಿ ಲಾಂಗ್, ಲಾಂಗ್ ಟ್ರೇಲರ್' ಅಂತ ಒಂದು ಸಿನೆಮಾ ಬಂತು. ಟಿವಿಯೊಳಗ ಮನಿಮಾತಾಗಿದ್ದ ಲೂಸಿಲ್ ಬಾಲ್ ಮತ್ತ ಆಕಿ ಗಂಡಾ ದೇಸಿ ಅರ್ನಾಜ್ ಅದರಾಗ ಜೋಡಿ. ಹೊಸಾ ಮದುಮಕ್ಕಳು ಟ್ರೇಲರ್ ತೊಗೊಂಡು ಹೊಂಟಾರ. ಹೆಂಡತಿ ಹೋದ ಊರಿಂದೆಲ್ಲಾ ಒಂದೊಂದು ಕಲ್ಲು ಆರಿಸಿ ಇಟಗೋತಾಳ, ಬರಣಿ ತುಂಬ ಹಣ್ಣಿನ ಮುರಬ್ಬಾ ಹಾಕಿ ಇಟಗೋತಾಳ. ಆ ಭಾರಕ್ಕ ಘಾಟಿನ್ಯಾಗ ಇಬ್ಬರ ಜೀವಾನೂ ಹೋಗೋ ವ್ಯಾಳ್ಯಾ ಬರ್ತದ. ಮಂದಿ ನಕ್ಕ ನಕ್ಕ ನೋಡಿದ್ರು. ಭಾರ ಹೆಚ್ಚಾದ್ರ ಹೆಂಗಸಿನ ಬರಣಿ ತಪ್ಪು, ಮುಂದ ಗಂಡಸರು ಇಪ್ಪತ್ತು ಕಿಲೋ ಟಿವಿ ಹೇರಕೊಂಡು ಹೊಂಟಾಗ ಅದರ ಮ್ಯಾಲೆ ಯಾರೂ ಸಿನೆಮಾ ತಗೀಲಿಲ್ಲ. ಇದು ನನ್ನ ಮಾತು, ಬಿಡ್ರಿ.

ಭಾರದಕಿಂತ ದೊಡ್ಡ ತೊಡಕು ಕರೆಂಟು. ಆಗಿನ ವಾಲ್ವಿನ ಟಿವಿ ಕಾರಿನ ಬ್ಯಾಟರಿ ಮ್ಯಾಲೆ ನಡೀತಿದ್ದಿಲ್ಲ. ಹಾದಿಯೊಳಗ ಕರೆಂಟ ಕೊಡೋ ತಾಣಾ ಬೇಕಾಗ್ತಿತ್ತು. 1959ರಾಗ ಫಿಲ್ಕೋ ಕಂಪನಿ ಟ್ರಾನ್ಸಿಸ್ಟರ್ ಟಿವಿ ತಂತು, 1960ರಾಗ ಜಪಾನಿನ ಸೋನಿ ಎಂಟ ಇಂಚಿಂದು ಮಾಡಿತು. ಇವು ಬ್ಯಾಟರಿ ಮ್ಯಾಲೆ ನಡೀತಿದ್ದವು. 1962ರಾಗ ಮೊಂಟಾನಾದ ಬಿಲ್ಲಿಂಗ್ಸ್ ಊರಾಗ ಕೆಓಎ ಅನ್ನೋ ಕ್ಯಾಂಪ್ ತಾಣಗಳು ಸುರು ಆದವು, ಮುಂದ ದೇಶದ ತುಂಬ ಹಬ್ಬಿದವು. ಕರೆಂಟ ಸಿಕ್ಕ ಮ್ಯಾಲೆ ಟಿವಿ ಗಾಲಿ ಮನಿಯೊಳಗ ಖಾಯಂ ಕೂತಿತು. ಆದರ ಟೇಬಲ್ ಮ್ಯಾಲೆ. ಗಾಡಿ ಹೊಂಟಾಗ ಅದನ್ನ ಹಾಸಿಗಿ ಮ್ಯಾಲೆ ಕೂಸಿನಂಗ ಮಲಗಿಸಿ, ಸುತ್ತಲೂ ತಲದಿಂಬು ಕೊಡಬೇಕು.

(ಅದೇ ಹೊತ್ತಿನ್ಯಾಗ, 1963-64ರಾಗ, ಏರ್‌ಸ್ಟ್ರೀಮ್ ಮಂದಿ ಸಿಂಗಪುರದಿಂದ ಪ್ರಪಂಚ ಸುತ್ತಲಿಕ್ಕೆ ಸಾಲು ಹಚ್ಚಿ ಹೊಂಟು ನಮ್ಮ ದೇಶಕ್ಕೂ ಬಂದು ಹೋಗ್ಯಾರ. ಆವಾಗ ನಮ್ಮಲ್ಲೆ ಟಿವಿ ಇದ್ದದ್ದು ದಿಲ್ಲಿಯೊಳಗ ಅಷ್ಟ. ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರ ಹಳ್ಳಿ ಮಂದಿ ಟಿವಿ ನೋಡಿದ್ದು 1975ರಾಗ, ಅದೂ ಅಮೆರಿಕಾದವರು ಒಂದ ವರ್ಷದ ಮಟ್ಟಿಗೆ ಕೊಟ್ಟ ಉಪಗ್ರಹದ ಮ್ಯಾಲೆ.)

ಮುಂದ ಟಿವಿ ದೊಡ್ಡೂವಾದವು. 1990ರ ಸುಮಾರಿನ ದೊಡ್ಡ ಮೋಟಾರ್ ಮನಿಗಳೊಳಗ ಡ್ರೈವರನ ತಲಿ ಮ್ಯಾಲೆ, ಗಾಜಿನ ಮ್ಯಾಲಿನ ಕಪಾಟಿನ್ಯಾಗ ಗೂನಿನ ಟಿವಿ ಕೂಡಿಸತಿದ್ರು. ಟ್ರೇಲರಿನೊಳಗ ಅಡಗಿಕಟ್ಟಿ ಬಾಜೂಕ ಆಳವಾದ ಗೂಡು. ಮನಿ ಜಾಗಾ ಎಲ್ಲಾ ಆ ಗೂಡು ನುಂಗತಿತ್ತು.

ಗ್ವಾಡಿಗೆ ಹಚ್ಚೋ ಟಿವಿ ಕನಸು ಭಾಳ ಹಳೇದು. 1964ರಾಗ ಇಲಿನಾಯ್ ವಿಶ್ವವಿದ್ಯಾಲಯದಾಗ ಪ್ಲಾಸ್ಮಾ ಪರದೆ ಹುಟ್ಟಿತು, 1968ರಾಗ ಆರ್‌ಸಿಎ ಎಲ್‌ಸಿಡಿ ತೋರಿಸಿತು. ಕ್ಯಾಲೆಂಡರ್ ಹಚ್ಚಿದಂಗ ಟಿವಿ ಹಚ್ಚೋದು ಇನ್ನೇನು ಬಂದೇಬಿಡತು ಅಂದಕೊಂಡ್ರು. ಮೂವತ್ತು ವರ್ಷ ಬೇಕಾತು. 1997ರಾಗ ಅಮೆರಿಕಾದಾಗ ಮಾರಲಿಕ್ಕೆ ಬಂದ 42 ಇಂಚಿನ ಪ್ಲಾಸ್ಮಾ ಟಿವಿಗೆ 15,000 ಡಾಲರಿನ ಹತ್ತಹತ್ತರ ರೊಕ್ಕ! ಆ ಸುಮಾರಿಗೇ ಇನ್ನೊಂದು ಸಣ್ಣ ಕೆಲಸಾ ಆತು, ನನ್ನ ಪ್ರಕಾರ ಅದ ಛಲೋ ಕೆಲಸಾ. ಟಿವಿ ಹಿಂದಿನ ನಾಕು ತೂತು ಎಲ್ಲಾ ಕಂಪನಿಯವರೂ ಒಂದ ಅಳತಿಗೆ ಇಡಬೇಕು ಅಂತ ವೆಸಾ ಅನ್ನೋ ಸಂಸ್ಥೆ ನೇಮಾ ಮಾಡಿತು. ಸಣ್ಣ ಟಿವಿಗೆ 75 ಮಿಲಿಮೀಟರ್ ಇಲ್ಲಾ 100 ಮಿಲಿಮೀಟರ್ ಚೌಕ. ಇವತ್ತ ಯಾವ ಕಂಪನಿ ಟಿವಿ ಇದ್ರೂ ಅದರ ಅಳತಿ ಕೈ ತಂದರ ಕೂಡೋದು ಇದರಿಂದ.

2009ರ ಜೂನ್ 12ಕ್ಕ ಅಮೆರಿಕಾದ ದೊಡ್ಡ ಸ್ಟೇಶನ್‌ಗಳೆಲ್ಲಾ ಹಳೇ ಪದ್ಧತಿ ಪ್ರಸಾರ ಬಂದ ಮಾಡಿ ಡಿಜಿಟಲ್ ಆದವು. ಹಳೇ ಟಿವಿಗೆ ಹಚ್ಚೋ ಡಬ್ಬಿ ಸಲುವಾಗಿ ಸರಕಾರ 40 ಡಾಲರಿನ ಕೂಪನ್ನೂ ಕೊಟ್ಟಿತ್ತು. ಆದರ ಭಾಳ ಮಂದಿ ಗೂನಿನ ಟಿವಿ ಒಗದು ತೆಳ್ಳಂದು ತಂದ್ರು. ಗಾಲಿ ಮನಿಗಳೊಳಗ ಉಳದದ್ದು ಖಾಲಿ ಗೂಡು.

ನಮ್ಮ ಮಗಳು-ಅಳಿಯಂದ್ರು ತೊಗೊಂಡದ್ದು ಇಂಥಾದ್ದ ಒಂದು ಹಳೇ ಗಾಲಿ ಮನಿ, ಖಾಲಿ ಗೂಡಿಂದು. ನಾ ಅವರಲ್ಲೆ ಇದ್ದಾಗ ಟಿವಿ ಹಚ್ಚೋ ಮಾತು ಬಂತು. ಅಳಿಯಂದ್ರು ಆರಿಸಿದ್ದು ಹಿಂದಿನ ಗ್ವಾಡಿ. ಅದರ ಕೆಳಗ ಮೊಮ್ಮಗಳ ಹಾಸಿಗಿ, ಆಕಿ ತಲಿ ಸರಿಯಾಗಿ ಟಿವಿ ಕೆಳಗ. "ಅತ್ತಿ, 24 ಇಂಚಿನ ಟಿವಿ, ನಾಕು ಕಿಲೋನೂ ಇಲ್ಲ" ಅಂದ್ರು. ನಾ ಗ್ವಾಡಿ ಬಡದು ನೋಡಿದೆ, ಪಾಪಡದ ಡಬ್ಬಿ ಬಡದಂಗ ಸಪ್ಪಳಾ. ಒಳಗ ಏನದ ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ.

ಆಮ್ಯಾಲೆ ಕೂತು ತಿಳಕೊಂಡ್ವಿ. ಒಳಗ ಮೂರು ಮಿಲಿಮೀಟರ್ ಪ್ಲೈವುಡ್, ನಡುವ ಒಂದೂವರೆ ಇಂಚಿನ ಕಟ್ಟಿಗಿ ಪಟ್ಟಿ ಅಲ್ಲೊಂದು ಇಲ್ಲೊಂದು, ಉಳದಲ್ಲೆ ಅರಳಿಯಂಥಾದ್ದು ತುಂಬಿರ್ತಾರ, ಹೊರಗ ತಗಡು. ಇನ್ನ ಕೆಲವು ಮನಿಗಳೊಳಗ ಕಟ್ಟಿಗೀನೂ ಇಲ್ಲ, ಥರ್ಮಾಕೋಲ್ ಹಲಗಿ ಅಂಟಿಸಿರ್ತಾರ. ಸ್ಕ್ರೂ ಹಿಡಿಯೋದು ಮೂರು ಮಿಲಿಮೀಟರಿಗೆ. ನಿಂತ ಮನಿಯೊಳಗ ಅದೂ ನಡದೀತು. ಆದರ ಇದು ತಾಸಿಗೆ ನೂರು ಕಿಲೋಮೀಟರ್ ಓಡೋ ಮನಿ. ಪ್ರತಿ ತೆಗ್ಗಿಗೂ ಆ ಟಿವಿ ಒಂದೊಂದು ಸಲಾ ಜಗ್ಗತದ, ಅದೂ ಉದ್ದಾಗೋ ಕೈ ಮ್ಯಾಲೆ ಹಚ್ಚಿದ್ರ ಸಬ್ಬಲ ಹಾಕಿ ಮೀಟಿದಂಗ. ತೂತು ದೊಡ್ಡದಾಗಕೋತ ಹೋಗ್ತದ, ನಮಗ ಕಾಣೂದಿಲ್ಲ. ಟಿವಿ ಹಗರಾತು ಅಂತ ನಾವು ಖುಷಿ ಪಟ್ಟೇವಿ, ಗ್ವಾಡಿ ಅದಕಿಂತ ಮೊದಲ ಹಗರಾಗಿ ಕೂತದ.

ನಾ ಸ್ಪಷ್ಟ ಹೇಳಿದೆ, ಕೂಸಿನ ತಲಿ ಮ್ಯಾಲೆ ಬ್ಯಾಡ. ಮಗಳೂ ನನ್ನ ಕಡೆ ಆದಳು. ಅಳಿಯಂದ್ರು ಒಂದ ದಿನ ಮಾತಾಡಲಿಲ್ಲ, ಮರುದಿನ ಅವರ ಹಾದಿ ಹುಡಕಿದ್ರು. ಖಾಲಿ ಗೂಡಿಗೆ ಒಂದು ಗಟ್ಟಿ ಬಾಗಲಾ ಮಾಡಿಸಿ, ಬಾಗಲದ ಹಿಂದ ದಪ್ಪ ಪ್ಲೈವುಡ್ ಕೊಟ್ಟು, ಆರಪಾರ ಬೋಲ್ಟ್ ಹಾಕಿ ಟಿವಿ ಅದಕ್ಕ ಹಚ್ಚಿದ್ರು. ಗೂಡಿನ ಚೌಕಟ್ಟು ನೆಲಕ್ಕ ಊರಿದ್ದು, ಭಾರ ಅದು ಹೊರತದ. ಬಾಗಲಾ ತಗದ್ರ ಒಳಗ ಹಳೇ ಗೂನಿನ ಜಾಗಾ ಎಲ್ಲಾ ಖುಲ್ಲಾ. ಅವಲಕ್ಕಿ, ತೊಗರಿಬ್ಯಾಳಿ, ಚಟ್ನಿಪುಡಿ, ಕುಕ್ಕರ್ ಎಲ್ಲಾ ಹಿಡದವು.

ನಿಮ್ಮ ಮಕ್ಕಳು ಯಾರರೆ ಅಲ್ಲೆ ಇಂಥಾ ಗಾಡಿ ತೊಗೊಂಡ್ರ ಇಷ್ಟು ಹೇಳ್ರಿ. ಟಿವಿ ಸಲುವಾಗಿ ಗ್ವಾಡಿಯೊಳಗ ಹಲಗಿ ಕೊಟ್ಟಾರೇನು, ಎಲ್ಲೆ ಕೊಟ್ಟಾರ ಅಂತ ಮಾಡಿದವರಿಗೆ ಮೊದಲ ಕೇಳಬೇಕು. ಇಲ್ಲದಿದ್ರ ಅಯಸ್ಕಾಂತ ಆಡಿಸಿದ್ರ ಮೊಳಿ ಸಾಲು ಸಿಗತದ, ಮೊಳಿ ಇದ್ದಲ್ಲೆ ಪಟ್ಟಿ ಇರ್ತದ. ಉದ್ದ ಸ್ಕ್ರೂ ತರಬಾರದು, ಒಳಗ ವೈರ್ ಇರ್ತಾವ, ಗ್ವಾಡಿ ದಪ್ಪ ದಾಟಿದ್ರ ಹೊರಗಿನ ತಗಡೇ ತೂತು, ಮಳಿ ಒಳಗ. ಕೈಗೆ ಲಾಕು ಇರೋದ ತೊಗೋಬೇಕು. ದೂರದ ಹಾದಿ ಇದ್ರ ಲಾಕಿನ ಮ್ಯಾಲೂ ಬಿಡದ ಟಿವಿ ಕಳಚಿ, ಆ ಹಳೇ ಕಾಲದವರಂಗ ಹಾಸಿಗಿ ಮ್ಯಾಲೆ ದಿಂಬು ಕೊಟ್ಟು ಮಲಗಿಸೋದು ಛಲೋ.