ಅಟ್ಟದ ಮೇಲಿನ ಸಕ್ಕರೆ ಅಚ್ಚು, ಕುಕ್ಕರಿನೊಳಗಿನ ಕೇಕು

ಈಗ ನಮ್ಮ ಊರುಗಳಲ್ಲೂ ಹುಟ್ಟುಹಬ್ಬ ಎಂದರೆ ಕೇಕು ಇರಲೇಬೇಕು. ಹತ್ತು ವರ್ಷದ ಹಿಂದೆ ತಾಲ್ಲೂಕು ಕೇಂದ್ರದ ಬೇಕರಿಯಿಂದ ಬೈಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆವು. ಹಂಪು ಹಾರಿಸಿದರೆ ಕೇಕಿನ ಮೇಲಿನ ಗುಲಾಬಿ ಡಬ್ಬದ ಮುಚ್ಚಳಕ್ಕೆ ಅಂಟಿರುತ್ತಿತ್ತು. ಈಗ ಆ ತಾಪತ್ರಯವಿಲ್ಲ. ಪಕ್ಕದ ಬೀದಿಯಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ಮನೆಯಲ್ಲೇ ಮಾಡಿಕೊಡುತ್ತಾಳೆ. ಯೂಟ್ಯೂಬ್ ನೋಡಿ ಕಲಿತದ್ದು. ಯಾಕೆ ಕಲಿತೆ ಎಂದು ಕೇಳಿದರೆ, "ಸುಮ್ನೆ, ಹವ್ಯಾಸಕ್ಕೆ" ಎನ್ನುತ್ತಾಳೆ. ಪಕ್ಕದಲ್ಲಿ ಕೂತ ಅವಳ ಅಜ್ಜಿ ನಗುತ್ತಾ, "ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತಪ್ಪ" ಎನ್ನುತ್ತಾರೆ.

ಅಜ್ಜಿಯ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆಂದರೆ ಅದೇ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಮರದ ಅಚ್ಚುಗಳಿವೆ. ಆನೆ, ಕುದುರೆ, ಗಿಳಿ, ನವಿಲು, ತುಳಸಿಕಟ್ಟೆ, ಗೋಪುರ. ಸಂಕ್ರಾಂತಿಗೆ ಎಳ್ಳು ಬೀರುವಾಗ ತಟ್ಟೆಯಲ್ಲಿಡುವ ಸಕ್ಕರೆ ಅಚ್ಚು ಹುಯ್ಯುವ ಸಾಮಾನು ಅದು. ಸಿಹಿ ಮಾಡಿ, ಅದಕ್ಕೊಂದು ರೂಪ ಕೊಟ್ಟು, ನೋಡಿದವರು ತಿನ್ನಲು ಮನಸ್ಸಾಗದೆ ಕೂರುವಂತೆ ಮಾಡುವ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ, ಹವ್ಯಾಸ ಎಂದೂ ಕರೆಯಲಿಲ್ಲ. ಹಬ್ಬದ ಕೆಲಸ ಎಂದರು, ಅಷ್ಟೇ.

ಕೆಲಸವೇನೂ ಸುಲಭದ್ದಲ್ಲ. ಅಚ್ಚು ಎರಡು ಅಥವಾ ಮೂರು ಹೋಳಿನ ಮರದ ತುಂಡು. ಒಳಮೈಯಲ್ಲಿ ಆಕಾರವನ್ನು ತಗ್ಗಾಗಿ ಕೆತ್ತಿರುತ್ತಾರೆ. ಮೊದಲು ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಒಣಮರಕ್ಕೆ ಸಕ್ಕರೆ ಕಚ್ಚಿಕೊಂಡರೆ ಕುದುರೆಯ ಕಾಲು ಅಚ್ಚಿನಲ್ಲೇ ಉಳಿದುಬಿಡುತ್ತದೆ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ತೆಗೆದು, ನಿಂಬೆರಸ ಹಿಂಡಬೇಕು. ಆ ಪಾಕವನ್ನು ಸ್ವಲ್ಪಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿಕೊಂಡು, ಕಾಯಿಸುತ್ತಾ ತಿರುವುತ್ತಾ, ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ, ದಾರ ಕಟ್ಟಿದ ಅಚ್ಚಿನೊಳಗೆ ಹುಯ್ಯಬೇಕು. ಒಂದು ಗಳಿಗೆ ಮೊದಲಾದರೆ ಗಟ್ಟಿಯಾಗುವುದಿಲ್ಲ, ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಹರಳುಗಟ್ಟುತ್ತದೆ. ಸಂಕ್ರಾಂತಿಯ ಹೊತ್ತಿನ ಒಣಚಳಿ ಇದಕ್ಕೆ ಹೇಳಿ ಮಾಡಿಸಿದ ಹವೆ. ಮೋಡ ಕವಿದ ದಿನ ಅಚ್ಚು ಹುಯ್ಯಲು ಕೂತವರು ಬೈದುಕೊಳ್ಳುತ್ತಲೇ ಏಳುತ್ತಿದ್ದರು.

ಇದರ ಹಿಂದಿನ ರಸಾಯನಶಾಸ್ತ್ರ ಅಜ್ಜಿಯರಿಗೆ ಹೆಸರಿಟ್ಟು ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅದರಿಂದ ದೊಡ್ಡ ಹರಳು ಕಟ್ಟುವುದು ತಪ್ಪುತ್ತದೆ. ಬಿಡದೆ ತಿರುವಿದಾಗ ಎಣಿಸಲಾಗದಷ್ಟು ಸಣ್ಣ ಹರಳುಗಳು ಒಟ್ಟಿಗೇ ಹುಟ್ಟಿ, ಪಾಕ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕೇಕಿನ ಮೇಲೆ ಹುಯ್ಯುವ ಹಳೆಯ ಬಗೆಯ ಫಾಂಡಂಟ್ ತಯಾರಾಗುವುದೂ ಹೀಗೆಯೇ. ಕುದಿಸಿದ ಸಕ್ಕರೆ ಪಾಕವನ್ನು ತಿರುವಿ ತಿರುವಿ ಸಣ್ಣ ಹರಳಿನ ಬಿಳಿ ಮುದ್ದೆ ಮಾಡುವುದು. ಅದರಲ್ಲಿ ನೀರಿನಂಶ ಹೆಚ್ಚು ಉಳಿದು ಮೆತ್ತಗಿರುತ್ತದೆ, ನಮ್ಮ ಅಚ್ಚಿನಲ್ಲಿ ಕಡಿಮೆ ಉಳಿದು ಗಟ್ಟಿಯಾಗುತ್ತದೆ. ಮೊಮ್ಮಗಳು ಮೊಬೈಲಿನಲ್ಲಿ ನೋಡಿ ಕಲಿಯುತ್ತಿರುವುದರಲ್ಲಿ ಒಂದು ಪಾಲು ಅಜ್ಜಿಗೆ ಮೊದಲೇ ಬರುತ್ತಿತ್ತು ಎಂದು ನಾವು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಈ ಅಚ್ಚು ಎಷ್ಟು ಹಳೆಯದು? ಸಕ್ಕರೆಯ ಚರಿತ್ರೆಯಲ್ಲಿ ಇದಕ್ಕೆ ಒಂದಿಷ್ಟು ಉತ್ತರವಿದೆ. ಕಬ್ಬು, ಬೆಲ್ಲ ನಮ್ಮ ನೆಲಕ್ಕೆ ಬಹಳ ಹಳೆಯವು. ಇಂಗ್ಲಿಷಿನ ಶುಗರ್ ಎಂಬ ಮಾತಿನ ಬೇರು ಕೂಡ ಸಂಸ್ಕೃತದ ಶರ್ಕರ. ಆದರೆ ಅಚ್ಚಿಗೆ ಬೇಕಾದ ಬಿಳಿ ಸಕ್ಕರೆ ಬಡವರ ಪದಾರ್ಥವಾಗಿರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ, ರೈತರಿಂದ ಕೊಂಡ ಬೆಲ್ಲವನ್ನು ಶುದ್ಧ ಮಾಡಿ ಸಕ್ಕರೆ ತೆಗೆಯುತ್ತಿತ್ತು. ಮುಂದೆ ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಹೊಲಗಳಿಗೆ ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ಅಚ್ಚಿನ ಸಂಪ್ರದಾಯ ಹಳೆಯ ಮೈಸೂರು ಸೀಮೆಯಲ್ಲೇ ಹೆಚ್ಚಾಗಿ ಕಾಣುತ್ತದೆ. ಅದು ಅರಮನೆ, ಅಗ್ರಹಾರ, ಜಮೀನುದಾರರ ಮನೆ ದಾಟಿ ಸಾಮಾನ್ಯರ ಮನೆಗೆ ಬಂದದ್ದು ಕಾರ್ಖಾನೆ ಸಕ್ಕರೆ ಕೈಗೆಟುಕಿದ ಮೇಲೆಯೇ ಇರಬೇಕು ಎಂಬುದು ನಮ್ಮ ಊಹೆ. ಆಮೇಲೂ ಎಷ್ಟೋ ಮನೆಗಳಲ್ಲಿ ರೇಷನ್ ಸಕ್ಕರೆಯನ್ನು ತಿಂಗಳುಗಟ್ಟಲೆ ಕೂಡಿಟ್ಟು ಅಚ್ಚು ಹುಯ್ಯುತ್ತಿದ್ದರು. ಕೂಡಿಡಲೂ ಆಗದವರ ಮನೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ ಮಾತ್ರ ಇರುತ್ತಿತ್ತು. ನಮ್ಮ ಬಳಗದಲ್ಲೇ ಅರ್ಧದಷ್ಟು ಮಂದಿ ಸಕ್ಕರೆ ಆನೆಯನ್ನು ಮೊದಲು ನೋಡಿದ್ದು ಬೇರೆಯವರ ತಟ್ಟೆಯಲ್ಲಿ.

ಉತ್ತರ ಕರ್ನಾಟಕದ ನಮ್ಮ ಗೆಳೆಯರಿಗೆ ಸಂಕ್ರಾಂತಿ ಎಂದರೆ ಕುಸುರೆಳ್ಳು. ಬಿಸಿ ಬಾಣಲೆಯಲ್ಲಿ ಎಳ್ಳು ಹಾಕಿ, ತೊಟ್ಟು ತೊಟ್ಟಾಗಿ ಪಾಕ ಬಿಡುತ್ತಾ, ಬೆರಳಲ್ಲೇ ಆಡಿಸುತ್ತಾ ಕೂತರೆ ಒಂದೊಂದು ಕಾಳಿನ ಮೇಲೂ ಸಕ್ಕರೆಯ ಮುಳ್ಳು ಏಳುತ್ತದೆ. ಗಂಟೆಗಟ್ಟಲೆ ಕೂರಬೇಕು, ಬೆರಳು ಸುಡುತ್ತದೆ. ಅಂಥ ಕಾಳುಗಳನ್ನು ಪೋಣಿಸಿ ಹೊಸ ಮದುಮಗಳಿಗೂ ಎಳೆಯ ಮಕ್ಕಳಿಗೂ ಒಡವೆ ಮಾಡುವ ಪದ್ಧತಿ ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಇದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ ಆಗುತ್ತದೆ. ಕುಸ್ವಾರಿನ ಕಿಡಿಯೊ ಮಾಡಲು ಇಡೀ ಮನೆಯೇ ಸುತ್ತ ಕೂತು, ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆ ಅಥವಾ ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುತ್ತದೆ. ಮಕ್ಕಳು ಕಲಿಯುವುದು ಹಾಗೆಯೇ. ಮೊದಲ ಹತ್ತು ಸೊಟ್ಟಗಾಗುತ್ತವೆ, ಹನ್ನೊಂದನೆಯದು ಸರಿಹೋಗುತ್ತದೆ.

ಸಕ್ಕರೆಯ ಗೊಂಬೆ ಮಾಡುವವರು ನಾವಷ್ಟೇ ಅಲ್ಲ. ಉತ್ತರ ಭಾರತದಲ್ಲಿ ದೀಪಾವಳಿಗೆ ಆನೆ ಕುದುರೆಯ ಸಕ್ಕರೆ ಆಟಿಕೆಗಳು ಬರುತ್ತವೆ. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಮರದ ಅಚ್ಚಿನಲ್ಲಿ ಸಕ್ಕರೆಯ ಮದುಮಗಳ ಗೊಂಬೆಯನ್ನೂ ಕುದುರೆ ಸವಾರನನ್ನೂ ಎರಕ ಹೊಯ್ಯುತ್ತಾರೆ. ಮೆಕ್ಸಿಕೊದಲ್ಲಿ ಸತ್ತವರನ್ನು ನೆನೆಯುವ ಹಬ್ಬಕ್ಕೆ ಸಕ್ಕರೆಯ ಬುರುಡೆ ಮಾಡಿ ಬಣ್ಣ ಬರೆಯುತ್ತಾರೆ. ಯುರೋಪಿನ ಅರಸರ ಔತಣದಲ್ಲಿ ಸಕ್ಕರೆಯ ಕೋಟೆಗಳೇ ನಿಲ್ಲುತ್ತಿದ್ದವು. ಕೇಕಿನ ಮೇಲಿನ ಇಂದಿನ ಅಲಂಕಾರಕ್ಕೆ ಆ ಔತಣಗಳ ನಂಟೂ ಇದೆ.

ಕೇಕು ನಮ್ಮ ಕಡೆಗೆ ಬಂದದ್ದು ಬೇರೆ ದಾರಿಯಲ್ಲಿ. ಕೊಡಗಿನ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬುವರ ಬಿಸ್ಕತ್ತಿನ ಅಂಗಡಿಯಿತ್ತು. 1883ರಲ್ಲಿ ಅಂಜರಕಂಡಿಯ ತೋಟದ ಮಾಲೀಕ ಮರ್ಡಾಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕೇಕನ್ನು ತೋರಿಸಿ, ಕ್ರಿಸ್ಮಸ್ಸಿಗೆ ಹೀಗೆಯೇ ಮಾಡಿಕೊಡು ಎಂದು ಹೇಳಿದ. ಬಾಪು ಅದನ್ನು ಮಾಡಿಯೂ ಕೊಟ್ಟರು, ಬ್ರಾಂದಿಯ ಬದಲು ಊರಿನದೇ ಹಣ್ಣಿನ ಮದ್ಯ ಬಳಸಿದರು ಎಂಬ ಕಥೆ ಅಲ್ಲಿ ಮನೆಮಾತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಅವರು ಬಿ.ಬಿ. ಬೇಕರಿ ತೆರೆದರು. ಬ್ರೆಡ್ಡು ಮಾಡುವುದನ್ನು ಅವರಿಗೆ ಕಲಿಸಿದ್ದು ಒಬ್ಬ ಇಂಗ್ಲಿಷಿನವ ಎನ್ನುತ್ತಾರೆ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟವರು ಹೀಗೆ ಊರೂರಿಗೂ ಅಯ್ಯಂಗಾರ್ ಬೇಕರಿ ಹಬ್ಬಿಸಿದರು.

ಆದರೆ ಇದೆಲ್ಲ ಅಂಗಡಿಯ ಕಥೆ, ಹೆಚ್ಚಾಗಿ ಗಂಡಸರ ಕಥೆ. ಬೇಕರಿಗೆ ಸೌದೆಯ ದೊಡ್ಡ ಭಟ್ಟಿ ಬೇಕು. ಮನೆಯ ಒಲೆಗೆ ಕೆಳಗಿನಿಂದ ಮಾತ್ರ ಬೆಂಕಿ. ನಾಲ್ಕೂ ಕಡೆಯಿಂದ ಒಣಶಾಖ ಬೇಡುವ ಕೇಕು ಮನೆಯೊಳಗೆ ಬರಲು ಬೇರೆ ಉಪಾಯ ಬೇಕಾಗಿತ್ತು. ಒಂದು ಉಪಾಯ ಇಂಗ್ಲೆಂಡಿನಲ್ಲಿ ಮೊದಲೇ ಆಗಿತ್ತು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ, ಯೀಸ್ಟು ಮೈಗೆ ಒಗ್ಗದ ತನ್ನ ಹೆಂಡತಿಗಾಗಿ 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದ್ದ. ಹಿಟ್ಟು ಹುದುಗಲು ಕಾಯಬೇಕಾದ ಹೊತ್ತು ಅದರಿಂದ ತಪ್ಪಿತು. ಇನ್ನೊಂದು ಉಪಾಯ ನಮ್ಮ ಹೆಣ್ಣುಮಕ್ಕಳದ್ದು. ಕುಕ್ಕರಿನ ತಳಕ್ಕೆ ಮರಳು ಅಥವಾ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯ್ಟು ತೆಗೆದು, ಸಣ್ಣ ಉರಿಯಲ್ಲಿ ಕೇಕು ಬೇಯಿಸುವುದು. ನೀರಿಲ್ಲದ ಕುಕ್ಕರಿನಲ್ಲಿ ಆವಿಯ ಒತ್ತಡ ಏಳುವುದಿಲ್ಲ, ಮರಳು ಶಾಖವನ್ನು ಸಮನಾಗಿ ಹಂಚುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ಕಂಡೆನ್ಸ್ಡ್ ಮಿಲ್ಕು ಬಂತು, ಮೊಸರು ಮತ್ತು ಸೋಡಾ ಬಂತು. ಪೇಟೆಯ ಮನೆಗಳಿಗೆ ಗುಂಡನೆಯ ಅಲ್ಯುಮಿನಿಯಂ ಓವನ್ನು ಬಂತು. ವಾರಪತ್ರಿಕೆಗಳ ಅಡುಗೆ ಪುಟ, ಹೋಮ್ ಸೈನ್ಸ್ ತರಗತಿ, ಮಹಿಳಾ ಸಮಾಜದ ಬೇಸಿಗೆ ಶಿಬಿರ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ, ಇವೆಲ್ಲ ಕಲಿಸಿದವು. 2020ರ ಲಾಕ್‌ಡೌನಿನಲ್ಲಿ ಬೇಕರಿಗಳೂ ಕಾಲೇಜುಗಳೂ ಮುಚ್ಚಿದಾಗ ಮೊಬೈಲು ಎಲ್ಲರಿಗಿಂತ ದೊಡ್ಡ ಮೇಷ್ಟ್ರಾಯಿತು.

ಇಷ್ಟು ಬರೆಯುವಾಗ ನಮಗೆ ಒಂದು ಸಂಗತಿ ಚುಚ್ಚಿತು. ಬೇಕರಿಯ ಕಥೆಗೆ ಹೆಸರಿದೆ, ಇಸವಿಯಿದೆ. ಸಕ್ಕರೆ ಕಾರ್ಖಾನೆಗೂ ಇದೆ. ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದದ್ದೂ ಇಂದು ನಿನ್ನೆಯದಲ್ಲ. ಹದಿನಾರನೇ ಶತಮಾನದ ಮೊದಲ ಭಾಗದಲ್ಲೇ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಎಂದರೆ ಹಿಟ್ಟಿನ ತಿಂಡಿಗಳದ್ದು. ಆದರೆ ಅಚ್ಚು ಹುಯ್ದವರ, ಕುಸುರೆಳ್ಳಿಗೆ ಬೆರಳು ಸುಟ್ಟುಕೊಂಡವರ ಒಂದು ಹೆಸರೂ ಎಲ್ಲೂ ದಾಖಲಾಗಲಿಲ್ಲ.

ನಮ್ಮಲ್ಲೊಬ್ಬರ ಮನೆಯಲ್ಲಿ ಊರಿಗೇ ಹೆಸರಾದ ಪಾಕದ ಕೈ ಇದ್ದದ್ದು ಸೋದರತ್ತೆ ಒಬ್ಬರಿಗೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹಬ್ಬಕ್ಕೆ ಒಂದು ವಾರ ಮೊದಲೇ ನೆರೆಯವರೂ ಸಕ್ಕರೆ ತಂದುಕೊಟ್ಟು ಅವರ ಕೈಯಲ್ಲೇ ಅಚ್ಚು ಹುಯ್ಯಿಸಿಕೊಳ್ಳುತ್ತಿದ್ದರು. ಎಳ್ಳು ಬೀರುವ ಸಂಜೆ ಮುತ್ತೈದೆಯರೂ ಹುಡುಗಿಯರೂ ರೇಷ್ಮೆ ಉಟ್ಟು ಹೊರಟರೆ ಅವರು ಹಿತ್ತಲಲ್ಲಿ ಕೂತು ಅಚ್ಚು ತೊಳೆಯುತ್ತಿದ್ದರು. ಅವರು ಮಾಡಿದ ಗಿಳಿ, ನವಿಲು ಎಲ್ಲರ ಮನೆಗೂ ಹೋದವು, ಅವರು ಯಾರ ಮನೆಗೂ ಹೋಗಲಿಲ್ಲ. ಆ ಅತ್ತೆ ಈಗಿಲ್ಲ. ಅವರ ಪಾಕದ ಅಳತೆ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಇದರಲ್ಲಿ ನಮ್ಮ ತಪ್ಪೂ ಇದೆ. ಪತ್ರಿಕೋದ್ಯಮ ಓದಿದ ನಾವು ಸಂಕ್ರಾಂತಿಯ ವರದಿ ಎಷ್ಟು ಬರೆದಿಲ್ಲ? ಎಳ್ಳು ಬೆಲ್ಲದ ದರ ಎಷ್ಟು, ಹೂವಿನ ಮಾರು ಎಷ್ಟು, ಕಡೆಯಲ್ಲಿ "ಎಲ್ಲೆಡೆ ಸಂಭ್ರಮ ಮನೆಮಾಡಿತ್ತು". ಅಚ್ಚು ಹುಯ್ದದ್ದು ಯಾರು ಎಂದು ಒಂದು ಸಲವೂ ಕೇಳಲಿಲ್ಲ. ಈಗ ಅಂಗಡಿಯಲ್ಲಿ ರೆಡಿಮೇಡ್ ಅಚ್ಚು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಸಮಯ ಉಳಿಯುತ್ತದೆ, ನಾವೂ ಕೊಳ್ಳುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಮನೆಯ ಅಚ್ಚು ಅಟ್ಟ ಸೇರಿದ್ದಕ್ಕೆ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟಿದ್ದಾರೆ ಎಂಬುದೂ ನಿಜ.

ಮೊದಲು ಹೇಳಿದ ಹುಡುಗಿಯ ಲೆಕ್ಕದ ಪುಸ್ತಕವನ್ನು ಕೇಳಿ ನೋಡಿದೆವು. ಮೈದಾ, ಸಕ್ಕರೆ, ಕ್ರೀಮು, ಡಬ್ಬ, ಗ್ಯಾಸು ಎಲ್ಲಕ್ಕೂ ಬೆಲೆ ಹಾಕಿದ್ದಾಳೆ. ಕರೆಂಟು ಹೋಗಿ ಕ್ರೀಮು ಇಳಿದುಹೋದ ರಾತ್ರಿ ಎರಡನೇ ಸಲ ಕೂತು ಹೂವು ಬಿಡಿಸಿದ ಹೊತ್ತಿಗೆ ಬೆಲೆ ಹಾಕಿಲ್ಲ. "ಅದೇನು ಅಕ್ಕ, ಹವ್ಯಾಸ ತಾನೇ" ಎಂದಳು. ಅಜ್ಜಿಯ ಕಾಲದಲ್ಲಿ ಅದನ್ನು ಹಬ್ಬದ ಕೆಲಸ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಹವ್ಯಾಸ ಎಂದು ಹಿಡಿಯುವುದಿಲ್ಲ. ಖುಷಿಗೆ ಕಲಿಯುವುದು ಬಹಳ ಒಳ್ಳೆಯದು, ಅಜ್ಜಿಯರಿಗೆ ಆ ಖುಷಿಯನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶವೂ ಇರಲಿಲ್ಲ. ಆದರೆ ದುಡಿಮೆಯನ್ನು ದುಡಿಮೆ ಎಂದು ಬರೆದಿಡುವುದೂ ಬೇಕು.

ಈ ಸಂಕ್ರಾಂತಿಗೆ ನಾವು ಒಂದು ತೀರ್ಮಾನ ಮಾಡಿದ್ದೇವೆ. ಒಬ್ಬೊಬ್ಬರೂ ಒಂದೊಂದು ಮನೆಗೆ ಹೋಗಿ, ಅಚ್ಚು ಹುಯ್ಯಲು ಬಲ್ಲವರ ಎದುರು ಕೂತು, ಹೆಸರು, ಅಳತೆ, ಯಾರಿಂದ ಕಲಿತರು, ಅಚ್ಚು ಕೆತ್ತಿದ್ದು ಯಾರು ಎಂದೆಲ್ಲ ಬರೆದುಕೊಳ್ಳುವುದು. ನೀವೂ ಬರೆದು ಕಳಿಸಿ. ಕುಸುರೆಳ್ಳು, ಕಿಡಿಯೊ, ಕುಕ್ಕರ್ ಕೇಕು ಯಾವುದಾದರೂ ಆಗಬಹುದು. ಪಕ್ಕದ ಬೀದಿಯ ಆ ಅಜ್ಜಿಯನ್ನು ಈಗಾಗಲೇ ಕೇಳಿದ್ದಾಯಿತು. ಒಂದು ಸೇರು ಸಕ್ಕರೆಗೆ ನೀರೆಷ್ಟು ಎಂದರೆ, "ನೋಡಿದರೆ ಗೊತ್ತಾಗುತ್ತೆ, ಹೇಳೋಕೆ ಬರಲ್ಲ" ಎಂದರು. ಹಾಗಾಗಿ ಮೊಮ್ಮಗಳ ಅಳತೆ ಲೋಟವನ್ನೂ ತೂಕದ ಯಂತ್ರವನ್ನೂ ಅವರ ಪಕ್ಕದಲ್ಲಿಟ್ಟು, ಅವರು ಸುರಿಯುವ ಮೊದಲು ಅಳೆದುಕೊಳ್ಳುವುದು ಎಂದು ಮಾತಾಗಿದೆ. ಅಚ್ಚುಗಳನ್ನು ಅಟ್ಟದಿಂದ ಇಳಿಸಿ ನೀರಿಗೆ ಹಾಕಿದ್ದೇವೆ.